ಉಮ್ಮ ಊಟ ಕಟ್ಟದ ಪ್ರವಾಸ

ನನ್ನ ತಂಗಿಯ ಗಂಡನಿಗೆ ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ಕೆಲಸ. ಕಳೆದ ಬೇಸಿಗೆಯಲ್ಲಿ ಅವರು ಕಾರಿನಲ್ಲಿ ದಕ್ಷಿಣ ಇಂಗ್ಲೆಂಡ್ ಸುತ್ತಿ ಬಂದು ನೂರಾರು ಫೋಟೋ ಕಳಿಸಿದರು. ಬ್ರೈಟನ್ನಿನ ಕಡಲ ತೀರ, ಸ್ಟೋನ್‌ಹೆಂಜಿನ ಕಲ್ಲುಗಳು, ಜೊತೆಗೆ ಎಲ್ಲೆಲ್ಲಿ ಏನೇನು ತಿಂದೆವೆಂಬ ವರದಿ. ಡೆವನ್‌ನಲ್ಲಿ ಸ್ಕೋನ್ ಎಂಬ ತಿಂಡಿಗೆ ಮೊದಲು ಕೆನೆ, ಮೇಲೆ ಜಾಮ್ ಹಚ್ಚುತ್ತಾರಂತೆ. ಪಕ್ಕದ ಕಾರ್ನ್‌ವಾಲ್‌ನಲ್ಲಿ ಮೊದಲು ಜಾಮ್, ಆಮೇಲೆ ಕೆನೆ. ಇದಕ್ಕೂ ಒಂದು ಜಗಳ! ಉಮ್ಮ ಕನ್ನಡಕ ಏರಿಸಿ ಎಲ್ಲ ನೋಡಿ, "ಅಡುಗೆ ಯಾರು ಮಾಡಿದ್ದು?" ಎಂದು ಕೇಳಿದರು.

"ಎಲ್ಲ ಹೋಟೆಲಿನಲ್ಲೇ ಉಮ್ಮ. ಮೀನು, ತರಕಾರಿ, ಹಲಾಲ್ ಸಿಕ್ಕಿದಲ್ಲಿ ಕೋಳಿ."

"ಹಾಗಾದರೆ ಅವಳು ಊರು ನೋಡಿದ್ದಾಳೆ," ಎಂದರು ಉಮ್ಮ.

ಆ ಮಾತು ನನ್ನನ್ನು ಬಿಡಲಿಲ್ಲ. ನಮ್ಮ ಮನೆಯ ಪ್ರವಾಸಗಳು ನೆನಪಾದವು. ಬೆಳಗಿನ ಜಾವ ಮೂರಕ್ಕೆ ಎದ್ದು ತುಪ್ಪದನ್ನ ಮಾಡಿ, ಪಾತ್ರೆಗೆ ಬಟ್ಟೆ ಕಟ್ಟಿ ವ್ಯಾನಿಗೆ ಏರಿಸುತ್ತಿದ್ದವರು ಉಮ್ಮ. ನಾವೆಲ್ಲ ಗುಡ್ಡ ಹತ್ತುವಾಗ ಮರದಡಿಯಲ್ಲಿ ಕೂತು ಪಾತ್ರೆ ಕಾಯುತ್ತಿದ್ದವರೂ ಅವರೇ.

ಉಮ್ಮ ಮದುವೆಯಾದ ಮೇಲೆ ಏಳು ವರ್ಷ ಮೂಡಿಗೆರೆ ಕಡೆಯ ಬಾಳೂರಿನಲ್ಲಿದ್ದರು. ಅಬ್ಬ ಕರಾವಳಿಯಿಂದ ಒಣಮೀನು ತಂದು ಘಟ್ಟದ ಸಂತೆಗಳಲ್ಲಿ ಮಾರುತ್ತಿದ್ದರು. ನಾನು ಹುಟ್ಟಿದ್ದೂ ಅಲ್ಲೇ. ಆ ಏಳು ವರ್ಷಗಳಲ್ಲಿ ಉಮ್ಮ ಬಲ್ಲಾಳರಾಯನ ದುರ್ಗ ನೋಡಿಲ್ಲ, ಕಳಸ ನೋಡಿಲ್ಲ. ಚಾರ್ಮಾಡಿ ಘಾಟಿಯನ್ನಾದರೂ ಬಸ್ಸಿನ ಕಿಟಕಿಗೆ ತಲೆಯಿಟ್ಟು ವಾಂತಿ ಮಾಡುತ್ತಲೇ ದಾಟಿದ್ದು. ಪಕ್ಕದ ಮನೆಯ ಗೌಡರ ಅಕ್ಕ ಮಾತ್ರ ಅವರ ಲೋಕ. ನನ್ನ ಬಾಣಂತನದಲ್ಲಿ ಮೂರು ತಿಂಗಳು ದುಡ್ಡಿಲ್ಲದೆ ಹಾಲು ಕೊಟ್ಟವರು ಆ ಅಕ್ಕ.

2019ರ ಆಗಸ್ಟ್‌ನಲ್ಲಿ ಮಲೆಮನೆ, ಮಧುಗುಂಡಿಯಲ್ಲಿ ಗುಡ್ಡ ಕುಸಿದು ಮನೆ ತೋಟಗಳು ಕೊಚ್ಚಿಹೋದಾಗ ಉಮ್ಮ ಟಿ.ವಿ. ಮುಂದಿನಿಂದ ಏಳಲಿಲ್ಲ. ಚಾರ್ಮಾಡಿ ರಸ್ತೆಯೂ ಬಂದ್. ಅಕ್ಕನ ಫೋನ್ ನಂಬರ್ ನಮ್ಮಲ್ಲಿ ಯಾರ ಬಳಿಯೂ ಇರಲಿಲ್ಲ. "ಒಮ್ಮೆ ಹೋಗಿ ಬರೋಣ" ಎಂದು ಉಮ್ಮ ಹೇಳುವುದು, ಮಕ್ಕಳ ಪರೀಕ್ಷೆ, ಮದುವೆ, ಮಳೆ ಎಂದು ನಾವು ಮುಂದೂಡುವುದು. ಹೀಗೆ ವರ್ಷಗಳು ಹೋದವು.

ಕಳೆದ ಡಿಸೆಂಬರ್‌ನಲ್ಲಿ ಒಂದು ಷರತ್ತಿನ ಮೇಲೆ ಹೊರಟೆವು. ಉಮ್ಮ ಅಡುಗೆ ಮಾಡಕೂಡದು. ಸುಬಹಿ ನಮಾಝ್ ಮುಗಿಸಿ ಬಿ.ಸಿ. ರೋಡಿನಿಂದ ಕಾರು ಹತ್ತಿದೆವು. ಉಜಿರೆ ದಾಟಿ ಘಾಟಿ ಏರತೊಡಗಿದಾಗ ಉಮ್ಮ ಮುಂದಿನ ಸೀಟಿನಲ್ಲಿ ಕೂತು, ವಾಂತಿಯಿಲ್ಲದೆ, ಮೊದಲ ಸಲ ಕಣ್ತುಂಬ ಕಣಿವೆ ನೋಡಿದರು. ಮಳೆಗಾಲದಲ್ಲಾದರೆ ಇಲ್ಲಿ ರಸ್ತೆ ಬದಿಯಲ್ಲೆಲ್ಲ ಜಲಪಾತ. ಆ ನೀರೆಲ್ಲ ಮೃತ್ಯುಂಜಯ ಹೊಳೆ ಸೇರಿ, ನೇತ್ರಾವತಿಯಾಗಿ ನಮ್ಮ ಪಾಣೆಮಂಗಳೂರು ಸೇತುವೆಯಡಿಗೇ ಬರುವುದು.

ಘಾಟಿ ಮುಗಿದೊಡನೆ ಕೊಟ್ಟಿಗೆಹಾರ. ಇಲ್ಲಿ ನೀರುದೋಸೆ ತಿನ್ನದೆ ಮುಂದೆ ಹೋಗುವವರು ಕಡಿಮೆ. ಕಾವಲಿಯಿಂದ ಎದ್ದ ದೋಸೆ ನೇರ ತಟ್ಟೆಗೆ, ಜೊತೆಗೆ ಕಾಯಿ ಚಟ್ನಿ. "ನಮ್ಮ ಮನೆಯದೇ ತೆಳು," ಎಂದು ಹೇಳುತ್ತಲೇ ಉಮ್ಮ ಆರು ದೋಸೆ ತಿಂದರು. ಮಗ, ಇಲ್ಲೇ ಇರುವ ತೇಜಸ್ವಿ ಪ್ರತಿಷ್ಠಾನಕ್ಕೆ ಹೋಗೋಣವೆಂದು ಹಟ ಹಿಡಿದ. ಅದನ್ನು ಇನ್ನೊಂದು ಸಲಕ್ಕೆ ಉಳಿಸಿದೆವು. ಉಮ್ಮನಿಗೆ ಬಾಳೂರು ತಲುಪುವ ಅವಸರ.

ಕೊಯಿಲಿನ ಕಾಲ. ರಸ್ತೆಯ ಎರಡೂ ಬದಿ ಕೆಂಪು ಹಣ್ಣಿನ ಕಾಫಿ ಗಿಡ, ಸಿಲ್ವರ್ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ, ಕಣದಲ್ಲಿ ಹರಡಿದ ಕಾಫಿಯ ಹುಳಿ ವಾಸನೆ. ಉಮ್ಮ ಕಣ್ಣು ಮುಚ್ಚಿ, "ಇದೇ ವಾಸನೆ," ಎಂದರು. ನಾವಿದ್ದ ಬಾಡಿಗೆ ಮನೆ ಇಲ್ಲ, ಅಲ್ಲಿ ಈಗ ಕಾಫಿ ಗಿಡ. ಅಕ್ಕನ ಮನೆ ಮಾತ್ರ ಹಾಗೆಯೇ ಇತ್ತು. ಬಾಗಿಲಿಗೆ ಬಂದವರು ಸೊಸೆ. ಅಕ್ಕ ತೀರಿಕೊಂಡು ಎರಡು ವರ್ಷವಾಯಿತಂತೆ.

ಉಮ್ಮ ಜಗಲಿಯಲ್ಲಿ ಕುಸಿದು ಕೂತರು. ಸೊಸೆ ಅವರ ಮುಖವನ್ನೇ ನೋಡುತ್ತಾ, "ನೀವು ಒಣಮೀನಿನ ಬ್ಯಾರಿಯವರ ಮನೆಯವರಾ? ಅತ್ತೆ ನಿಮ್ಮ ಸೀಗಡಿ ಚಟ್ನಿಯ ಸುದ್ದಿ ಎತ್ತದ ಮಳೆಗಾಲವೇ ಇರಲಿಲ್ಲ," ಎಂದರು. ಆಗ ಉಮ್ಮ ತಮ್ಮ ಚೀಲದಿಂದ ಒಂದು ಪೊಟ್ಟಣ ತೆಗೆದರು. ಒಣ ಸೀಗಡಿ. ಷರತ್ತು ಅಡುಗೆಗೆ ಮಾತ್ರವಲ್ಲವೇ! ಅದನ್ನು ಸೊಸೆಯ ಕೈಗಿಟ್ಟು, ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ನನಗೆ ಆ ಹೊತ್ತು ನೆನಪಾದದ್ದು ನಾವು ಹೇಳುತ್ತಾ ಬಂದ ನೆಪಗಳು.

ಸೊಸೆ ನಮ್ಮನ್ನು ಸುಮ್ಮನೆ ಕಳಿಸಲಿಲ್ಲ. ಬೆಲ್ಲದ ಕಾಫಿ ಕೊಟ್ಟು, ಮಧ್ಯಾಹ್ನದ ಊಟ ಇಲ್ಲೇ ಎಂದರು. ಅಷ್ಟರಲ್ಲಿ ನಾವು ಜೀಪು ಹಿಡಿದು, ಸುಂಕಸಾಲೆ ಮೇಲಿನ ರಾಣಿ ಝರಿಗೆ ಹೋಗಿ ಬಂದೆವು. ನೆಲ ಅಲ್ಲಿಗೇ ಮುಗಿದಂತೆ ಕಾಣುವ ಕಡಿದಾದ ಅಂಚು, ಕೆಳಗೆ ಬೆಳ್ತಂಗಡಿ ಕಡೆಯ ಕಾಡು, ಬಯಲು. ಬೇಲಿಯಿಲ್ಲದ ಜಾಗ, ಮಕ್ಕಳ ಕೈ ಬಿಡಬಾರದು. ಉಮ್ಮ ಅಂಚಿನಿಂದ ದೂರದಲ್ಲೇ ನನ್ನ ತೋಳು ಹಿಡಿದು ನಿಂತು, "ನಮ್ಮ ಮನೆ ಯಾವ ಕಡೆ?" ಎಂದರು. ಅಂದಾಜಿನಲ್ಲಿ ಕೈ ತೋರಿಸಿದೆ. ಬಹಳ ಹೊತ್ತು ಅತ್ತಲೇ ನೋಡಿದರು. ಪಾತ್ರೆ ಕಾಯುವುದಿರಲಿಲ್ಲವಲ್ಲ.

ಹಿಂದಿರುಗಿದಾಗ ಸೊಸೆ ಜಗಲಿ ಗುಡಿಸಿ, ನಮಾಝ್‌ಗೆಂದು ಚಾಪೆ ಹಾಸಿಟ್ಟಿದ್ದರು. ಊಟಕ್ಕೆ ಕೆಂಡದಲ್ಲಿ ಉಬ್ಬಿಸಿದ ಅಕ್ಕಿರೊಟ್ಟಿ, ಕಳಲೆ ಪಲ್ಯ, ನಮ್ಮದೇ ಸೀಗಡಿಯ ಚಟ್ನಿ. ಉಮ್ಮ ಬಾಯಿಗಿಟ್ಟು, "ಹುಳಿ ಸ್ವಲ್ಪ ಕಡಿಮೆ," ಎಂದು ಕಲಿಸಲು ಕೂತರು.

ಕಳಸದಲ್ಲಿ ಭದ್ರಾ ಹೊಳೆಗೆ ಕಾಲಿಟ್ಟದ್ದಷ್ಟೇ. ಸಂಸೆಯ ಚಹಾ ತೋಟಗಳನ್ನು ಕಾರಿನಿಂದಲೇ ನೋಡಿ ಕುದುರೆಮುಖದ ದಾರಿ ಹಿಡಿದೆವು. ಗಣಿಗಾರಿಕೆ 2005ರ ಕೊನೆಗೆ ನಿಂತ ಮೇಲೆ ಆ ಊರು ಮೌನವಾಗಿದೆ. ಬೆಟ್ಟಗಳು ಮಾತ್ರ ಹಸಿರು ಮಖಮಲ್ಲು. ಕಾರ್ಕಳಕ್ಕೆ ಇಳಿಯುವಾಗ ಉಮ್ಮನಿಗೆ ನಿದ್ದೆ.

ಮರುದಿನ ತಂಗಿಗೆ ಫೋನ್ ಮಾಡಿ ಉಮ್ಮ ಅರ್ಧ ಗಂಟೆ ವರದಿ ಒಪ್ಪಿಸಿದರು. ದೋಸೆ ಎಷ್ಟು, ಜೀಪಿನ ಕುಲುಕಾಟ ಎಷ್ಟು, ಎಲ್ಲ. ಸೊಸೆ ಕೊಟ್ಟ ಕಾಫಿಪುಡಿಯಲ್ಲಿ ಅರ್ಧ ಸೌತಾಂಪ್ಟನ್‌ಗೆಂದು ತೆಗೆದಿಟ್ಟಿದ್ದಾರೆ. ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ಬಾಳೂರಿನ ಫೋನ್ ನಂಬರನ್ನು ನನ್ನ ಕೈಯಿಂದ ದೊಡ್ಡ ಅಕ್ಷರದಲ್ಲಿ ಬರೆಸಿದ್ದಾರೆ.