ಹಾಲಿನಲ್ಲಿ ಬೆಂದ ಆಲೂಗಡ್ಡೆ: ಗ್ರೆನೋಬಲ್‌ನಿಂದ ಅಕ್ಕನಿಗೆ

ಗ್ರೆನೋಬಲ್, ನವೆಂಬರ್

ಪ್ರೀತಿಯ ಅಕ್ಕನಿಗೆ,

ಮೊನ್ನೆ ಫೋನಿನಲ್ಲಿ ನೀನು, "ಅಲ್ಲಿ ಬರೀ ಬ್ರೆಡ್ಡು ತಿಂದ್ಕೊಂಡು ಬಿದ್ದಿದೀಯಾ?" ಅಂತ ಕೇಳಿದೆಯಲ್ಲ, ಅದಕ್ಕೆ ಉತ್ತರ ಬರೆಯಲು ಕೂತಿದ್ದೇನೆ. ಫೋನಿನಲ್ಲಿ ಅಡುಗೆ ಹೇಳಹೊರಟರೆ ನೀನು ಅರ್ಧಕ್ಕೇ "ಗೊತ್ತಾಯ್ತು ಬಿಡು" ಅನ್ನುತ್ತೀಯ. ಕಾಗದವಾದರೆ ಪೂರ್ತಿ ಓದಲೇಬೇಕು.

ಮೊದಲು ಊರಿನ ವಿಷಯ. ಸುತ್ತ ಆಲ್ಪ್ಸ್ ಬೆಟ್ಟಗಳಿದ್ದರೂ ಗ್ರೆನೋಬಲ್ ಮಾತ್ರ ಪೂರಾ ಸಪಾಟು. ಸಮುದ್ರಮಟ್ಟದಿಂದ ಇನ್ನೂರು ಮೀಟರ್ ಚಿಲ್ಲರೆ ಎತ್ತರ, ಅಷ್ಟೇ. ನಮ್ಮ ಹಾಸನ ಇದರ ನಾಲ್ಕು ಪಟ್ಟಿಗಿಂತ ಹೆಚ್ಚು ಎತ್ತರದಲ್ಲಿದೆ ಅಂದರೆ ಇಲ್ಲಿನವರು ನಂಬುವುದಿಲ್ಲ! ಒಂದು ಕಡೆ ಶಾರ್ತ್ರೂಸ್, ಇನ್ನೊಂದು ಕಡೆ ವೆರ್ಕೋರ್, ಮೂಡಣಕ್ಕೆ ಬೆಲ್ದೋನ್. ಬೆಲ್ದೋನ್ ತಲೆಯ ಮೇಲೆ ಈಗಲೇ ಹಿಮ ಕೂತಿದೆ. ನಡುವೆ ಇಜೇರ್ ಮತ್ತು ದ್ರಾಕ್ ಎಂಬ ಎರಡು ಹೊಳೆಗಳು. ಇಜೇರ್ ದಡದಿಂದ ಬಾಸ್ತೀಯ್ ಕೋಟೆಗೆ 1934ರಿಂದಲೂ ರೋಪ್‌ವೇ ಓಡುತ್ತಿದೆ, ಈಗಿನ ತೊಟ್ಟಿಲುಗಳು ಗಾಜಿನ ಗುಂಡುಗಳು. ಹತ್ತಿ ಬಂದೆ. ಚೆನ್ನಾಗಿದೆ. ಫೋಟೋ ಇಲ್ಲಿ ನನ್ನ ಜೊತೆಗಿರುವ ಪುಟ್ಟಿ ಕಳಿಸುತ್ತಾಳೆ, ಇಲ್ಲಿ ವರ್ಣಿಸುವುದಿಲ್ಲ.

ನಾನು ಹೇಳಬೇಕೆಂದಿರುವುದು ಆಲೂಗಡ್ಡೆಯ ಸಂಗತಿ.

ರೈಲು ಹಳಿಯ ಮೇಲ್ಸೇತುವೆಯ ಕೆಳಗೆ ಎಸ್ತಕಾದ್ ಅಂತ ಒಂದು ಸಂತೆ ಸೇರುತ್ತದೆ. ಅಲ್ಲಿ ಆಲೂಗಡ್ಡೆ ಮಾರುವ ರೀತಿ ನೋಡಿದರೆ ನೀನು ಸೊಂಟಕ್ಕೆ ಕೈ ಇಟ್ಟುಕೊಂಡು ನಿಂತುಬಿಡುತ್ತೀಯ. ನಮ್ಮಲ್ಲಿ ಆಲೂಗಡ್ಡೆ ಅಂದರೆ ಆಲೂಗಡ್ಡೆ, ದಪ್ಪ ಅಥವಾ ಗೋಲಿ. ಇಲ್ಲಿ ಶಾರ್ಲೊತ್, ಬಿಂತ್ಯೆ, ಮೊನಾಲಿಸಾ ಎಂದು ಒಂದೊಂದಕ್ಕೂ ಹೆಸರಿದೆ. ಹೂಂ, ಮೊನಾಲಿಸಾ ಹೆಸರಿನ ಆಲೂಗಡ್ಡೆಯೇ. ಯಾವುದು ಹಬೆಯಲ್ಲಿ ಬೇಯಿಸುವುದಕ್ಕೆ, ಯಾವುದು ಕರಿಯುವುದಕ್ಕೆ, ಯಾವುದು ಒಲೆಯೊಳಗೆ ಇಡುವುದಕ್ಕೆ ಅಂತ ಚೀಟಿಯಲ್ಲೇ ಬರೆದಿರುತ್ತಾರೆ. ಪ್ರತಿ ವರ್ಷ ಜಲಂಧರ್‌ನಿಂದ ಬರುವ ಬಿತ್ತನೆ ಗಡ್ಡೆಯ ಲಾರಿ ಕಾಯುತ್ತಾ, ಅಂಗಮಾರಿ ಬಾರದಿರಲಿ ಅಂತ ಮುಗಿಲು ನೋಡುತ್ತಾ ಕೂರುವ ಭಾವನಿಗೆ ಈ ಚೀಟಿಗಳನ್ನು ತೋರಿಸಬೇಕು ಅನ್ನಿಸಿತು.

ನಮ್ಮ ಮೇಲಿನ ಮಹಡಿಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ಎಂಬತ್ತು ದಾಟಿದೆ, ಇನ್ನೂ ಲಿಫ್ಟ್ ಹತ್ತುವುದಿಲ್ಲ. ನಾವು ಮಾಂಸ ಮುಟ್ಟುವುದಿಲ್ಲ ಅಂತ ಪುಟ್ಟಿ ಹೇಳಿದ್ದಕ್ಕೆ, "ಹಾಗಾದರೆ ಈ ಸೀಮೆಯದೇ ಒಂದು ಅಡುಗೆ ಇದೆ, ಬನ್ನಿ" ಅಂತ ಭಾನುವಾರ ಕರೆದರು. ಅದೇ ಗ್ರಾತಾಂ ದೋಫಿನ್ವಾ. ಈ ಪ್ರಾಂತ್ಯದ ಹಳೆಯ ಹೆಸರು ದೋಫಿನೆ, ಗ್ರೆನೋಬಲ್ ಅದರ ರಾಜಧಾನಿಯಾಗಿತ್ತು. ಆಲೂಗಡ್ಡೆ, ಹಾಲು, ಕೆನೆ, ಬೆಳ್ಳುಳ್ಳಿ, ಉಪ್ಪು, ಕಾಳುಮೆಣಸು, ಜಾಯಿಕಾಯಿ. ಪಟ್ಟಿ ಇಷ್ಟಕ್ಕೇ ಮುಗಿಯಿತು.

ಅಜ್ಜಿ ಮಣ್ಣಿನ ತಟ್ಟೆಯೊಂದನ್ನು ತೆಗೆದರು. ಅಗಲವಾದದ್ದು, ಆಳ ನಾಲ್ಕು ಬೆರಳು. ಬೆಳ್ಳುಳ್ಳಿಯ ಎಸಳನ್ನು ಅಡ್ಡಕ್ಕೆ ಕತ್ತರಿಸಿ, ಕತ್ತರಿಸಿದ ಮುಖದಿಂದ ತಟ್ಟೆಯ ಒಳಮೈಯನ್ನೆಲ್ಲ ಉಜ್ಜಿದರು. ಎಸಳು ಸವೆದು ಸಿಪ್ಪೆಯಷ್ಟಾಗುವವರೆಗೂ ಬಿಡಲಿಲ್ಲ. ಅದು ಒಣಗಿದ ಮೇಲೆ ಬೆಣ್ಣೆ ಸವರಿದರು. ಆಮೇಲೆ ಗಡ್ಡೆ ಹೆಚ್ಚಲು ಕೂತರು. ಸಿಪ್ಪೆ ಹೆರೆದ ಗಡ್ಡೆಯನ್ನು ತೊಳೆದು, ಬಟ್ಟೆಯಲ್ಲಿ ಒರೆಸಿ, ಎರಡು ಮೂರು ಮಿಲಿಮೀಟರ್ ದಪ್ಪದ ಬಿಲ್ಲೆಗಳು. ಹೆಚ್ಚುತ್ತಾ ಹೋದಂತೆ ಚಾಕುವಿನ ಅಲಗಿಗೆ ಬಿಳಿಯ ರಸ ಮೆತ್ತಿಕೊಳ್ಳುತ್ತಿತ್ತು. ನಾವಾದರೆ ಚಿಪ್ಸಿಗಾಗಲಿ ಪಲ್ಯಕ್ಕಾಗಲಿ ಹೆಚ್ಚಿದ್ದನ್ನು ನೀರಿಗೆ ಹಾಕಿಯೇ ಮುಂದಿನ ಮಾತು. ಇವರು ಮಾತ್ರ ಹೆಚ್ಚಿದ ಮೇಲೆ ನೀರು ಸೋಕಿಸಲೇ ಇಲ್ಲ. ಯಾಕೆ ಅಂತ ಪುಟ್ಟಿಯ ಕೈಲಿ ಕೇಳಿಸಿದೆ. ಅಜ್ಜಿ ಚಾಕುವಿನ ಮೇಲಿನ ರಸವನ್ನು ಬೆರಳಲ್ಲಿ ತೆಗೆದು, ಹೆಬ್ಬೆರಳಿಗೆ ತಿಕ್ಕಿ ತೋರಿಸಿದರು. ಅಂಟು ಅಂಟು. ಅದು ಆಲೂಗಡ್ಡೆಯ ಗಂಜಿ, ಅಕ್ಕ. ಅದೇ ಹಾಲನ್ನು ಗಟ್ಟಿ ಮಾಡುವುದು. ತೊಳೆದರೆ ಅದೆಲ್ಲ ನೀರಿನ ಪಾಲು. ಮೈದಾ ಹಿಟ್ಟಿನ ಸಾಸ್ ಕದಡಿ ಹಾಕುವ ಹೋಟೆಲಿನವರು ತೊಳೆದ ತಪ್ಪಿಗೆ ದಂಡ ಕಟ್ಟುತ್ತಿದ್ದಾರೆ ಅನ್ನುವುದು ಅಜ್ಜಿಯ ಅಭಿಪ್ರಾಯ. ನನ್ನದೂ ಅದೇ.

ಒಂದು ಕಿಲೋ ಗಡ್ಡೆಗೆ ಅರ್ಧ ಲೀಟರ್ ಹಾಲು, ನಿನ್ನ ಅಳತೆಲೋಟದಲ್ಲಿ 250 ಮಿಲಿಲೀಟರ್ ಕೆನೆ ಅಂತಿಟ್ಟುಕೋ. ಹಾಲು, ಕೆನೆ, ಉಪ್ಪು, ಕಾಳುಮೆಣಸಿನ ಪುಡಿ ಎಲ್ಲ ಸೇರಿಸಿ ದಪ್ಪ ತಳದ ಪಾತ್ರೆಯಲ್ಲಿ ಕಾಯಲು ಇಟ್ಟು, ಜಾಯಿಕಾಯಿಯನ್ನು ನಾಲ್ಕು ಸಲ ತುರಿಮಣೆಗೆ ಎಳೆದು, ಬಿಲ್ಲೆಗಳನ್ನು ಅದರಲ್ಲಿ ಬಿಟ್ಟರು. ಸಣ್ಣ ಉರಿ, ಹತ್ತು ನಿಮಿಷ, ಮರದ ಸೌಟು. ಗಂಜಿ ಅರಳುವುದಕ್ಕೆ ಕುದಿ ಬೇಕಾಗಿಲ್ಲ, 60-65 ಡಿಗ್ರಿ ದಾಟಿದರೆ ಸಾಕು, ಹಾಲು ಗಟ್ಟಿಯಾಗತೊಡಗುತ್ತದೆ. ಸೌಟಿನ ಹಿಂಬದಿಗೆ ಹಾಲು ಅಂಟಿ ನಿಲ್ಲುವ ಹೊತ್ತಿಗೆ ಇಳಿಸಿದರು. ಇಲ್ಲಿ ಇನ್ನೊಂದು ಗುಟ್ಟಿದೆ. ಬರೀ ಹಾಲಾದರೆ ಒಲೆಯೊಳಗೆ ಒಡೆಯುತ್ತದೆ. ಕೆನೆಯ ಜಿಡ್ಡು ಇದ್ದರೆ ಒಡೆಯುವುದು ಕಡಿಮೆ. ಕೆನೆ ಇಲ್ಲಿ ಶ್ರೀಮಂತಿಕೆಗೆ ಮಾತ್ರವಲ್ಲ, ಕಾವಲಿಗೆ ಕೂಡ.

ಆಮೇಲೆ ಎಲ್ಲವನ್ನೂ ತಟ್ಟೆಗೆ ಸುರಿದು, ಮೇಲಿನ ಬಿಲ್ಲೆಗಳನ್ನಷ್ಟೇ ಒಂದರ ಮೇಲೊಂದು ಒರಗಿಸಿ ಓವನ್ನಿಗೆ ಇಟ್ಟರು. 150 ಡಿಗ್ರಿ, ಒಂದೂಕಾಲು ಗಂಟೆ. ನಡುವೆ ಎರಡು ಸಲ ಬಾಗಿಲು ತೆರೆದು, ಚಮಚದ ಬೆನ್ನಿನಿಂದ ಬಿಲ್ಲೆಗಳನ್ನು ಮೆಲ್ಲಗೆ ಅದುಮಿದರು. ಹಾಲು ಮೇಲೆ ಬಂದು ಬಿಲ್ಲೆಗಳ ನೆತ್ತಿ ನೆನೆಯಬೇಕು, ಇಲ್ಲದಿದ್ದರೆ ಮೇಲ್ಪದರ ಒಣಗಿ ಚಕ್ಕಳವಾಗುತ್ತದೆ. ಕೊನೆಗೆ ಅಂಚಿನಲ್ಲಿ ಗುಳ್ಳೆ ಎದ್ದು, ಮೇಲೆ ಕಂದು ಮಚ್ಚೆಗಳು ಮೂಡಿ, ಚಾಕು ಚುಚ್ಚಿದರೆ ಅಡ್ಡಿಯಿಲ್ಲದೆ ಇಳಿಯಿತು. ಆಗಲೂ ಬಡಿಸಲಿಲ್ಲ. ಕಾಲು ಗಂಟೆ ಹಾಗೇ ಬಿಟ್ಟರು. ಬಿಸಿಯಲ್ಲಿ ನೀರಾಗಿ ಕಾಣುವ ಹಾಲು ಆರುತ್ತಾ ಗಡ್ಡೆಗೆ ಕಚ್ಚಿಕೊಳ್ಳುತ್ತದೆ.

ರುಚಿ? ಮೊದಲ ತುತ್ತಿಗೆ ಸಪ್ಪೆ. ಹಸಿಮೆಣಸಿನಕಾಯಿ ಇಲ್ಲದ ಆಲೂಗಡ್ಡೆಯನ್ನು ನಮ್ಮ ನಾಲಿಗೆ ಒಪ್ಪಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಆಮೇಲೆ ಜಾಯಿಕಾಯಿ ಎಲ್ಲಿಂದಲೋ ಬರುತ್ತದೆ, ಬೆಳ್ಳುಳ್ಳಿ ಇನ್ನೂ ಹಿಂದಿನಿಂದ. ಮೇಲಿನ ಪದರ ಕರುಂ ಎನ್ನುತ್ತದೆ, ಕೆಳಗಿನದು ಬಾಸುಂದಿಯಷ್ಟು ಗಟ್ಟಿ, ಸಿಹಿಯೊಂದಿಲ್ಲ. ಇವರಿಗೆ ಇದು ಹುರಿದ ಮಾಂಸದ ಪಕ್ಕಕ್ಕೆ ಬಡಿಸುವ ಪದಾರ್ಥ. ನಮಗೆ ಅಜ್ಜಿ ಹಸಿ ಸೊಪ್ಪಿಗೆ ಗ್ರೆನೋಬಲ್ ಅಕ್ರೋಟು ಬೆರೆಸಿ ಕೊಟ್ಟರು. ಈ ಅಕ್ರೋಟಿಗೆ 1938ರಲ್ಲೇ ಸೀಮೆಯ ಹೆಸರಿನ ಹಕ್ಕು ಸಿಕ್ಕಿದೆಯಂತೆ.

ಈಗ ಜಗಳದ ವಿಷಯ. ಗ್ರಾತಾಂಗೆ ಚೀಸ್ ಹಾಕಬೇಕೋ ಬೇಡವೋ?

ಇಲ್ಲಿ ಇದನ್ನು ಕೇಳಿದರೆ ಊಟದ ಮೇಜು ಎರಡಾಗುತ್ತದೆ. ದೋಫಿನೆಯ ಹಳಬರು ಚೀಸ್ ಬೇಡ, ಮೊಟ್ಟೆಯಂತೂ ಬೇಡವೇ ಬೇಡ ಅನ್ನುತ್ತಾರೆ. ಉತ್ತರಕ್ಕೆ ಪಕ್ಕದ ಸವೊಯ್ ಸೀಮೆಯವರು ಹಾಲಿನ ಬದಲು ಸಾರಿನ ನೀರು ಹಾಕಿ, ಬೊಫೋರ್ ಚೀಸನ್ನು ಪದರ ಪದರಕ್ಕೂ ತುರಿದು ಹಾಕುತ್ತಾರೆ. ಅದು ಗ್ರಾತಾಂ ಸವೊಯಾರ್, ಬೇರೆ ಅಡುಗೆ. ಫ್ರಾನ್ಸಿನ ದೊಡ್ಡ ಬಾಣಸಿಗ ಎಸ್ಕೋಫಿಯೆ ಬೇರೆ ತನ್ನ ಪುಸ್ತಕದಲ್ಲಿ ದೋಫಿನ್ವಾಗೇ ಮೊಟ್ಟೆ, ಗ್ರುಯೇರ್ ಚೀಸ್ ಎರಡನ್ನೂ ಹಾಕಿಸಿಬಿಟ್ಟ. ಅಂದಿನಿಂದ ಊರೂರ ಹೋಟೆಲುಗಳಲ್ಲಿ ಅದೇ ನಿಂತಿತು. ಎಸ್ಕೋಫಿಯೆ ಹೆಸರೆತ್ತಿದರೆ ಅಜ್ಜಿ ಹುಬ್ಬೇರಿಸುತ್ತಾರೆ.

ಇನ್ನು ತಾರ್ತಿಫ್ಲೆತ್. ಆಲೂಗಡ್ಡೆ, ಈರುಳ್ಳಿ, ಹಂದಿ ಮಾಂಸದ ತುಣುಕುಗಳ ಮೇಲೆ ಇಡೀ ರೆಬ್ಲೊಶೋನ್ ಚೀಸನ್ನೇ ಮಗುಚಿ ಹಾಕಿ ಬೇಯಿಸುವುದು. ಪುರಾತನ ಪರ್ವತದ ಅಡುಗೆ ಅಂತ ಪ್ರವಾಸಿಗರಿಗೆ ಬಡಿಸುತ್ತಾರೆ, ನಿಜವಾಗಿ 1980ರ ದಶಕದಲ್ಲಿ ರೆಬ್ಲೊಶೋನ್ ತಯಾರಕರ ಸಂಘ ತಮ್ಮ ಚೀಸ್ ಖರ್ಚಾಗಲಿ ಅಂತ ಪ್ರಚಾರಕ್ಕೆ ತಂದದ್ದು. ಆದರೆ ಆ ಚೀಸಿನ ಕತೆ ನಿನಗೆ ಹಿಡಿಸುತ್ತದೆ. ತೋನ್ ಕಣಿವೆಯ ಗೇಣಿದಾರರು ಕರೆದ ಹಾಲಿನ ಲೆಕ್ಕದ ಮೇಲೆ ಒಡೆಯರಿಗೆ ಗೇಣಿ ಕೊಡಬೇಕಿತ್ತಂತೆ. ಅಳೆಯುವವನು ಬಂದ ದಿನ ಕೆಚ್ಚಲಲ್ಲಿ ಒಂದಷ್ಟು ಉಳಿಸಿ ಕರೆದು, ಅವನು ಬೆನ್ನು ತಿರುಗಿಸಿದ ಮೇಲೆ ಮತ್ತೆ ಕರೆಯುತ್ತಿದ್ದರು. ಕೊನೆಯ ಹಾಲು ಗಟ್ಟಿ ಅನ್ನುವುದು ನಿನಗೆ ಹೇಳಿಕೊಡಬೇಕೇ? ಆ ಕದ್ದ ಹಾಲಿನದೇ ರೆಬ್ಲೊಶೋನ್.

ಇಷ್ಟು ಓದಿ ನೀನು, "ಹಾಗಾದ್ರೆ ಚೀಸ್ ಹಾಕಿದ್ದು ತಿಂದ್ಯಾ?" ಅಂತ ಕೇಳುತ್ತೀಯ. ಇಲ್ಲ, ಅದಕ್ಕೆ ಕಾರಣವಿದೆ. ಬೊಫೋರ್, ರೆಬ್ಲೊಶೋನ್, ಕೊಂತೆ, ಈ ಹೆಸರುವಾಸಿ ಚೀಸುಗಳಿಗೆಲ್ಲ ಹೆಪ್ಪು ಹಾಕುವುದು ಕರುವಿನ ನಾಲ್ಕನೇ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ನಿಯಮವೇ ಹಾಗಿದೆ. ಹಾಲಿನದ್ದೇ ತಾನೇ ಅಂತ ನಮ್ಮವರು ಎಷ್ಟೋ ಜನ ಗೊತ್ತಿಲ್ಲದೆ ತಿನ್ನುತ್ತಾರೆ. ತಿನ್ನುವವರು ತಿನ್ನಲಿ, ಗೊತ್ತಿದ್ದು ತಿನ್ನಲಿ. ಇಷ್ಟೊಂದು ಚೀಸ್ ಇರುವ ನಾಡಿನಲ್ಲಿ ನಮಗೆ ನಿಶ್ಚಿಂತೆಯಾಗಿ ತಿನ್ನಲು ಸಿಕ್ಕ ಬೆಟ್ಟದ ಅಡುಗೆ, ಚೀಸ್ ಬೇಡವೆಂದು ಹಟ ಹಿಡಿದ ಈ ದೋಫಿನೆಯವರದು. ಊರಿನಲ್ಲಿ ನಿನಗೆ ಆ ಕಷ್ಟವಿಲ್ಲ. ನಮ್ಮ ಅಂಗಡಿಯ ಹಸಿರು ಚುಕ್ಕೆಯ ಚೀಸಿಗೆ ಪ್ರಾಣಿಯ ರೆನೆಟ್ ಹಾಕುವ ಹಾಗಿಲ್ಲ. ಮೊಮ್ಮಕ್ಕಳು ಹಟ ಮಾಡಿದರೆ ಕೊನೆಯ ಹತ್ತು ನಿಮಿಷಕ್ಕೆ ಒಂದು ಹಿಡಿ ತುರಿದು ಉದುರಿಸು, ನೂಲು ನೂಲಾಗಿ ಎಳೆಯುತ್ತದೆ, ಕುಣಿಯುತ್ತಾರೆ. ಉಪ್ಪು ಮಾತ್ರ ಮೊದಲೇ ಕಡಿಮೆ ಮಾಡು. ನನ್ನನ್ನು ಕೇಳಿದರೆ, ಒಳಗೆ ಕೆನೆಗಟ್ಟುವುದಕ್ಕೆ ಚೀಸಿನ ಅಗತ್ಯ ಎಳ್ಳಷ್ಟೂ ಇಲ್ಲ, ಅದು ಮೇಲಿನ ಬಣ್ಣಕ್ಕೆ ಮತ್ತು ಮಕ್ಕಳ ಖುಷಿಗೆ.

ಈ ಅಡುಗೆಗೆ ತಾರೀಖೂ ಇದೆ. 1788ರ ಜೂನ್ 7ರಂದು ಗ್ರೆನೋಬಲ್ ಜನ ರೊಚ್ಚಿಗೆದ್ದು, ಮಾಡು ಹತ್ತಿ ಹೆಂಚು ಕಿತ್ತು ರಾಜನ ಸೈನಿಕರ ಮೇಲೆ ಎಸೆದರು. ಫ್ರೆಂಚ್ ಕ್ರಾಂತಿಗೆ ಒಂದು ವರ್ಷ ಮೊದಲು. ಇಲ್ಲಿನ ರಾಜಪ್ರತಿನಿಧಿ ಕ್ಲೆರ್ಮೋನ್-ತೊನೆರ್ ಡ್ಯೂಕನ ಬಂಗಲೆಗೂ ನುಗ್ಗಿದರು. ಅದೇ ಡ್ಯೂಕ ಜುಲೈ 12ರಂದು ಗ್ಯಾಪ್ ಊರಿನ ಅಧಿಕಾರಿಗಳಿಗೆ ಊಟ ಹಾಕಿಸಿದ. ಆ ಊಟದ ದಾಖಲೆಯಲ್ಲೇ ಗ್ರಾತಾಂ ಹೆಸರು ಮೊದಲು ಕಾಣುವುದು, ಸಣ್ಣ ಹಕ್ಕಿಗಳ ಮಾಂಸದ ಜೊತೆ. ತಲೆಯ ಮೇಲೆ ಹೆಂಚು ಬಿದ್ದು ಐದು ವಾರಕ್ಕೆ ಔತಣ! ದೊಡ್ಡವರ ಹೊಟ್ಟೆ ಎಲ್ಲ ಕಾಲಕ್ಕೂ ಒಂದೇ. ಗಡ್ಡೆ ಮಾತ್ರ ಅದಕ್ಕೂ ಹಿಂದಿನದು. ಸ್ವಿಟ್ಜರ್ಲೆಂಡಿನಿಂದ ದೋಫಿನೆಗೆ ಬಂದ ಹೊಸ ಗಡ್ಡೆಯ ವಿಷಯವನ್ನು ಒಲಿವಿಯೆ ದ ಸೆರ್ ಎಂಬ ಕೃಷಿ ಪಂಡಿತ 1600ರಲ್ಲೇ ಬರೆದಿದ್ದಾನೆ. ಉಳಿದ ಫ್ರಾನ್ಸಿನ ಬಹುಪಾಲು ಅದನ್ನು ಹಂದಿಗೆ ಹಾಕಿ, ರೋಗ ತರುತ್ತದೆಂದು ಹೆದರಿ ಕೂತಿತ್ತು. ತಿನ್ನಬಹುದು ಅಂತ ಪ್ಯಾರಿಸ್ಸಿನ ವೈದ್ಯರು ಒಪ್ಪಿದ್ದು 1772ರಲ್ಲಿ.

ಇನ್ನು ನೀನು ಮಾಡುವ ಬಗೆ. ಎಳೆ ಗಡ್ಡೆ ಬೇಡ, ಅದರಲ್ಲಿ ಗಂಜಿ ಕಡಿಮೆ. ಬೇಯಿಸಿದರೆ ಬಿರಿದು ಪುಡಿಪುಡಿಯಾಗುವ ಜಾತಿಯೂ ಬೇಡ. ಸಾರಿನಲ್ಲಿ ಹೋಳು ಹೋಳಾಗಿ ನಿಲ್ಲುವ, ಆದರೆ ಅಂಚು ತುಸು ಕರಗುವಂಥದ್ದು ಆರಿಸು. ಹಾಲಿಗೆ ನಂದಿನಿಯ ಸಮೃದ್ಧಿ ತಗೋ, ಅದರಲ್ಲಿ ಶೇಕಡಾ 6 ಜಿಡ್ಡಿದೆ. ಅಂಗಡಿಯ ಡಬ್ಬಿ ಕ್ರೀಮಿನಲ್ಲಿ ಜಿಡ್ಡು ಶೇಕಡಾ 25ರ ಸುಮಾರು, ಇಲ್ಲಿಯದಕ್ಕಿಂತ ತೆಳು, ಆದ್ದರಿಂದ ಹಾಲನ್ನು ನಾನ್ನೂರು ಮಿಲಿಲೀಟರ್‌ಗೆ ಇಳಿಸು. ಮನೆಯ ಕೆನೆ ಹಾಕುವುದಾದರೆ ಅಂದಂದಿನದೇ ಇರಲಿ. ನಾಲ್ಕು ದಿನ ಕೂಡಿಟ್ಟದ್ದು ಹುಳಿ ತಿರುಗಿರುತ್ತದೆ, ಹಾಲು ಒಡೆದೇ ಒಡೆಯುತ್ತದೆ. ನಿಮ್ಮ ಒಟಿಜಿ ಸಾಕು. ತಟ್ಟೆಯನ್ನು ಕೆಳಗಿನ ಮೆಟ್ಟಿಲಿಗಿಟ್ಟು ಮೇಲಿನ, ಕೆಳಗಿನ ಎರಡೂ ಕಾಯುವ ಕಡ್ಡಿ ಹಾಕು, ಕೊನೆಯ ಐದು ನಿಮಿಷ ಮೇಲಿನ ಕಡ್ಡಿ ಮಾತ್ರ. ಜಾಯಿಕಾಯಿ ಪುಡಿಯ ಡಬ್ಬಿ ಬೇಡ, ಶಿರಸಿಯ ಕಡೆಯಿಂದ ತರಿಸಿದ ಇಡೀ ಕಾಯಿ ಡಬ್ಬದಲ್ಲಿ ಇದೆಯಲ್ಲ, ಅದನ್ನೇ ತುರಿ. ಸಾಸಿವೆ ಒಗ್ಗರಣೆ ಹಾಕಲು ಕೈ ತುರಿಸುತ್ತದೆ, ಹಾಕಬೇಡ. ಪಕ್ಕಕ್ಕೆ ನಿನ್ನ ಮಾವಿನಮಿಡಿ ಇದ್ದರೆ ಸಾಕು, ಭಾವನೂ ಗೊಣಗದೆ ತಿನ್ನುತ್ತಾರೆ.

ನಾನು ಡಿಸೆಂಬರ್ ಕೊನೆಗೆ ಹೊರಡುತ್ತೇನೆ. ಮಣ್ಣಿನ ತಟ್ಟೆ ತರಲು ಭಾರ, ಸ್ಟೀಲಿನ ಆಳದ ತಟ್ಟೆಯೇ ನಡೆಯುತ್ತದೆ. ಭಾವನಿಗೆ ಹೇಳಿ ಹದವಾದ ಗಡ್ಡೆ ಎರಡು ಕಿಲೋ ಕತ್ತಲೆ ಮೂಲೆಯಲ್ಲಿ ತೆಗೆದಿಡಿಸು, ಫ್ರಿಜ್ಜಿನಲ್ಲಿ ಬೇಡ, ಅಲ್ಲಿ ಗಂಜಿ ಒಂದಷ್ಟು ಸಕ್ಕರೆಯಾಗಿಬಿಡುತ್ತದೆ. ಮತ್ತೆ ಹೇಳುತ್ತೇನೆ, ಹೆಚ್ಚಿದ ಮೇಲೆ ತೊಳೆಯಬೇಡ.

ಇಂತಿ ನಿನ್ನ ತಂಗಿ