ಪುತ್ತೂರಿನ ಬಾಲವನಕ್ಕೆ ಒಮ್ಮೆ ಹೋಗಿ ಬನ್ನಿ

ಊರಿಗೆ ಹೋಗುವುದೆಂದರೆ ಮುಂಬಯಿಯಲ್ಲಿ ಹುಟ್ಟಿ ಬೆಳೆದ ನಮ್ಮ ಹುಡುಗ ಹುಡುಗಿಯರಿಗೆ ಗೊತ್ತಿರುವುದು ಇಷ್ಟೇ: ಯಾರದೋ ಮದುವೆ, ಯಾರದೋ ಗೃಹಪ್ರವೇಶ, ದೇವಸ್ಥಾನದ ಬ್ರಹ್ಮಕಲಶ, ಮನೆತನದ ಕೋಲ. ಎರಡು ದಿನ ನೆಂಟರ ಮನೆ, ಒಂದು ದಿನ ಸಮುದ್ರ ತೀರ, ಮತ್ತೆ ರೈಲು. ಇವೆಲ್ಲ ಬೇಕಾದವೇ, ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಮುಂದಿನ ಸಲ ಊರಿಗೆ ಹೋಗುವಾಗ ಒಂದು ದಿನವನ್ನು ಬೇರೆಯಾಗಿ ಎತ್ತಿಡಿ. ಮನೆಯ ಚಿಕ್ಕ ಮಕ್ಕಳನ್ನು, ತಮ್ಮ ತಂಗಿಯರನ್ನು, ಅಕ್ಕನ ಮಕ್ಕಳನ್ನು ಕರೆದುಕೊಂಡು ಪುತ್ತೂರಿಗೆ ಹೋಗಿ. ಅಲ್ಲಿ ಪರ್ಲಡ್ಕದ ಗುಡ್ಡದ ಮೇಲೆ ಬಾಲವನವಿದೆ. ಡಾ. ಕೋಟ ಶಿವರಾಮ ಕಾರಂತರು ಬಾಳಿದ, ಬರೆದ, ಮಕ್ಕಳೊಡನೆ ಮಕ್ಕಳಾಗಿ ಆಡಿದ ಜಾಗ ಅದು.

ದಾರಿಯಿಂದಲೇ ಶುರು ಮಾಡೋಣ. ಮತ್ಸ್ಯಗಂಧ ರೈಲನ್ನು ಮಧ್ಯಾಹ್ನ ಹತ್ತಿದರೆ ಮರುದಿನ ಬೆಳಿಗ್ಗೆ ಮಂಗಳೂರು. ಕೊಂಕಣ ರೈಲು ಇಡೀ ಉದ್ದಕ್ಕೆ ಓಡತೊಡಗಿದ್ದು 1998ರಲ್ಲಿ. ಅದಕ್ಕೆ ಮೊದಲು ನಿಮ್ಮ ತಂದೆ ತಾಯಂದಿರು ಈ ದಾರಿಯನ್ನು ಬಸ್ಸಿನಲ್ಲಿ ಮೈ ಕೈ ನೋಯಿಸಿಕೊಂಡು ಸವೆಸಿದವರು. ರತ್ನಾಗಿರಿಯ ಹತ್ತಿರ ಆರೂವರೆ ಕಿ.ಮೀ. ಉದ್ದದ ಕರ್ಬುಡೆ ಸುರಂಗ ಬರುತ್ತದೆ. ಗೋವೆಯ ಗಡಿಯಲ್ಲಿ ಪೆರ್ನೆಂ ಸುರಂಗ. ಕರ್ಬುಡೆಯ ಮುಂದೆ ಅದು ಬಹಳ ಚಿಕ್ಕದು, ಆದರೂ ಕಟ್ಟುವವರನ್ನು ಹೆಚ್ಚು ಕಾಡಿದ್ದು ಅದೇ. ಅಲ್ಲಿನ ಮೆತ್ತಗಿನ ಮಣ್ಣು ತೋಡಿದಷ್ಟೂ ಕುಸಿಯುತ್ತಿತ್ತು. ವರ್ಷಗಟ್ಟಲೆ ಕುಸಿದದ್ದನ್ನು ಮತ್ತೆ ಎತ್ತಿ, ಮತ್ತೆ ತೋಡಿ ಮುಗಿಸಿದರು. ಕಿಟಕಿಯ ಪಕ್ಕ ಕೂತ ಮಕ್ಕಳಿಗೆ ಈ ಕತೆಯನ್ನು ಹೇಳಿ. "ಬಿದ್ದರೆ ಏಳಬೇಕು" ಎಂದು ಬಾಯಿಮಾತಿನಲ್ಲಿ ಉಪದೇಶ ಮಾಡುವುದಕ್ಕಿಂತ ಕತ್ತಲೆಯ ಸುರಂಗವೊಂದನ್ನು ತೋರಿಸುವುದು ಮೇಲು.

ಮಂಗಳೂರಿನಿಂದ ಪುತ್ತೂರಿಗೆ ಐವತ್ತು ಕಿ.ಮೀ.ಗಿಂತ ಸ್ವಲ್ಪ ಹೆಚ್ಚು. ಬಸ್ಸಿನಲ್ಲಿ ಹೋದರೆ ಬಿ.ಸಿ.ರೋಡು, ಮಾಣಿ, ಕಬಕ ದಾಟಿ ಹೋಗಬೇಕು. ರೈಲಿನಲ್ಲಾದರೆ ಕಬಕ ಪುತ್ತೂರು ನಿಲ್ದಾಣ. ಬಿ.ಸಿ.ರೋಡಿನ ಪಕ್ಕದಲ್ಲೇ ಬಂಟ್ವಾಳ. ಕನ್ನಡದ ಮಕ್ಕಳಿಗಾಗಿ ಹಾಡು ಕತೆಗಳನ್ನು ಬರೆದ ಪಂಜೆ ಮಂಗೇಶರಾಯರು 1874ರಲ್ಲಿ ಹುಟ್ಟಿದ ಊರು. ನೇತ್ರಾವತಿಯ ದಡದಿಂದ ಪುತ್ತೂರಿನ ಗುಡ್ಡದವರೆಗಿನ ಈ ಸಣ್ಣ ಹಾದಿಯಲ್ಲಿ ಮಕ್ಕಳ ಸಾಹಿತ್ಯದ ಇಬ್ಬರು ಹಿರಿಯರು ಸಿಕ್ಕಿಬಿಡುತ್ತಾರೆ. ಎರಡೂ ಕಡೆ ಅಡಿಕೆ ತೋಟ, ರಬ್ಬರು, ಗೇರುಗುಡ್ಡೆ. ಪುತ್ತೂರಿಗೆ ಬಂದರೆ ಮಹಾಲಿಂಗೇಶ್ವರನ ದೇವಸ್ಥಾನ, ಅದರ ಕೆರೆ, ವಿಶಾಲವಾದ ಗದ್ದೆ. ಮಕ್ಕಳಿಗೆ ಇನ್ನೂ ಒಂದು ಆಕರ್ಷಣೆಯಿದೆ: ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆಯಾದ ಕ್ಯಾಂಪ್ಕೋದ ಚಾಕೊಲೇಟ್ ಕಾರ್ಖಾನೆ 1986ರಿಂದ ಇದೇ ಊರಿನಲ್ಲಿದೆ.

ಈ ಸಲ ನನ್ನ ಜೊತೆ ಬಂದವಳು ತಂಗಿಯ ಮಗಳು, ಆರನೆಯ ತರಗತಿಯವಳು. ಮನೆಯಲ್ಲಿ ಕನ್ನಡ ಚೆನ್ನಾಗಿ ಮಾತಾಡುತ್ತಾಳೆ. ಅಕ್ಷರಗಳನ್ನೂ ಅಜ್ಜಿಯಿಂದ ಕಲಿತಿದ್ದಳು. ಆದರೆ ಹಿಂದಿನ ರಜೆಯಲ್ಲಿ ಊರಿನ ಮನೆಯ ಜಗಲಿಯಲ್ಲಿ ಯಾರೋ ಒಂದು ಆಮಂತ್ರಣ ಪತ್ರಿಕೆಯನ್ನು ಕೈಗೆ ಕೊಟ್ಟು "ಎಲ್ಲಿ, ಓದು ನೋಡುವ" ಎಂದರಂತೆ. "ಗೃಹಪ್ರವೇಶ" ಎಂಬಲ್ಲಿ ಅವಳು ಎಡವಿದಳು. ಜಗಲಿಯಲ್ಲಿದ್ದವರೆಲ್ಲ ನಕ್ಕರು. ಯಾರದ್ದೂ ಕೆಟ್ಟ ಮನಸ್ಸಲ್ಲ, ಸುಮ್ಮನೆ ತಮಾಷೆಗೆ ನಕ್ಕದ್ದು. ಅಂದಿನಿಂದ ಅವಳ ಒಂದೇ ಮಾತು: "ನಂಗೆ ಕನ್ನಡ ಓದ್ಲಿಕ್ಕೆ ಬರುದಿಲ್ಲ." ಓದುಗರೇ, ನಿಮ್ಮಲ್ಲಿ ಎಷ್ಟು ಮಂದಿ ಇದೇ ಮಾತನ್ನು ಹೇಳಿ ಹತ್ತು ವರ್ಷ ಕಳೆದಿದ್ದೀರಿ? ಕನ್ನಡ ಪುಸ್ತಕ ನಮ್ಮ ಮನೆಗಳಿಂದ ಹೊರಟು ಹೋಗುವುದು ಹೀಗೆಯೇ. ಯಾರೂ ಹೊರಗೆ ಹಾಕುವುದಿಲ್ಲ, ಒಂದು ನಗುವಿಗೆ ಹೆದರಿ ನಾವೇ ಮುಚ್ಚಿಡುತ್ತೇವೆ.

ಬಾಲವನದಲ್ಲಿ ಮರಗಳ ನೆರಳು ದಟ್ಟವಾಗಿದೆ. ಕಾರಂತರ ಮನೆಯನ್ನು ದುರಸ್ತಿ ಮಾಡಿ ಕಾಪಾಡಿದ್ದಾರೆ. ಆ ಆವರಣದಲ್ಲೇ ಒಂದು ಈಜುಕೊಳವೂ ಇದೆ. ಪುತ್ತೂರಿಗೆ ಕಾರಂತರು ಹೊರಗಿನವರೇ. 1902ರ ಅಕ್ಟೋಬರ್ 10ರಂದು ಕೋಟದಲ್ಲಿ ಹುಟ್ಟಿದವರು. 1921ರಲ್ಲಿ ಗಾಂಧೀಜಿಯವರ ಕರೆಗೆ ಓಗೊಟ್ಟು ಕಾಲೇಜು ಬಿಟ್ಟರು. ಮತ್ತೆ ಅತ್ತ ತಲೆ ಹಾಕಲಿಲ್ಲ. ಖಾದಿ ಪ್ರಚಾರ, ಪತ್ರಿಕೆ, ನಾಟಕ ಎಂದು ಅಲೆದವರು ಪುತ್ತೂರಿಗೆ ಬಂದು ನೆಲೆಸಿದರು. ಸಹಕಾರಿ ಚಳವಳಿಯ ಹಿರಿಯರಾದ ಮೊಳಹಳ್ಳಿ ಶಿವರಾಯರು ಅವರಿಗೆ ಬೆಂಬಲವಾಗಿ ನಿಂತರು. 1970ರ ದಶಕದಲ್ಲಿ ಸಾಲಿಗ್ರಾಮಕ್ಕೆ ಹೋಗಿ ನೆಲೆಸುವವರೆಗೆ, ಸುಮಾರು ನಾಲ್ಕು ದಶಕ, ಈ ಊರೇ ಅವರ ಕರ್ಮಭೂಮಿ.

ಶಾಲೆಯ ನಾಲ್ಕು ಗೋಡೆಯ ನಡುವೆ, ಬೆತ್ತದ ಹೆದರಿಕೆಯಲ್ಲಿ ಮಕ್ಕಳು ಕಲಿಯುವುದು ಕಲಿಕೆಯೇ ಅಲ್ಲವೆಂದು ಕಾರಂತರು ನಂಬಿದ್ದರು. ಆಟ, ಕುಣಿತ, ಚಿತ್ರ, ನಾಟಕ, ಸುತ್ತಾಟ ಇವುಗಳ ಮೂಲಕ ಕಲಿಸಬೇಕೆಂದು ಇಲ್ಲಿ ಪ್ರಯೋಗಕ್ಕೆ ಇಳಿದರು. ಶಾಲೆಯಾಗಿ ಆ ಪ್ರಯೋಗ ಬಹುಕಾಲ ಬಾಳಲಿಲ್ಲ. ಅವರು ಕೈ ಹಾಕಿ ಕೈ ಸುಟ್ಟುಕೊಂಡದ್ದು ಅದೊಂದೇ ಅಲ್ಲ. 1930ರ ಸುಮಾರಿಗೆ 'ಡೊಮಿಂಗೊ', 'ಭೂತರಾಜ್ಯ' ಎಂಬ ಮೂಕಿ ಚಿತ್ರಗಳನ್ನು ತೆಗೆದರು. ಹಣ ಬರಲಿಲ್ಲ. ಮುದ್ರಣಾಲಯ ನಡೆಸಿದರು. ಅದೂ ಅವರನ್ನು ಶ್ರೀಮಂತರನ್ನಾಗಿ ಮಾಡಲಿಲ್ಲ. ಆದರೆ ಒಂದು ಕೆಲಸ ಕೆಟ್ಟಿತೆಂದು ಆ ಮನುಷ್ಯ ಮೂಲೆಯಲ್ಲಿ ಕೂತದ್ದಿಲ್ಲ. ಶಾಲೆ ನಡೆಯದಿದ್ದರೆ ಏನಾಯಿತು, ಮಕ್ಕಳಿರುವಲ್ಲಿಗೇ ಪುಸ್ತಕ ಹೋಗಲಿ ಎಂಬಂತೆ ಬರೆದರು.

1936ರಲ್ಲಿ ಅವರ 'ಬಾಲಪ್ರಪಂಚ' ಹೊರಬಂತು. ಮೂರು ಸಂಪುಟಗಳ ಮಕ್ಕಳ ವಿಶ್ವಕೋಶ. ಆಕಾಶ, ಭೂಮಿ, ಪ್ರಾಣಿ, ಗಿಡ, ಯಂತ್ರ, ದೇಶ ವಿದೇಶ ಎಲ್ಲವೂ ಕನ್ನಡದಲ್ಲಿ, ಚಿತ್ರಗಳ ಸಮೇತ. ಇಂಥ ಕೆಲಸಕ್ಕೆ ಇಂದು ಒಂದು ಸಂಪಾದಕ ಮಂಡಳಿ, ಹತ್ತಾರು ಲೇಖಕರು ಬೇಕು. ಕಾರಂತರು ಒಬ್ಬರೇ ಬರೆದರು, ಅದೂ ಕಾಲೇಜಿನ ಪದವಿಯಿಲ್ಲದ ಮನುಷ್ಯ. ವಿಜ್ಞಾನದ ಮಾತಿಗೆ ಕನ್ನಡದಲ್ಲಿ ಶಬ್ದವಿಲ್ಲದಿದ್ದಲ್ಲಿ ತಾವೇ ಕಟ್ಟಿದರು. ಮುಂದೆ ದೊಡ್ಡವರಿಗಾಗಿ ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ'ವನ್ನೂ ಬರೆದರು. 'ಮೂಕಜ್ಜಿಯ ಕನಸುಗಳು' ಕಾದಂಬರಿಗೆ 1977ರ ಜ್ಞಾನಪೀಠ ಬಂತು. 1997ರ ಡಿಸೆಂಬರ್‌ನಲ್ಲಿ ತೀರಿಕೊಳ್ಳುವಾಗ ಅವರಿಗೆ ತೊಂಬತ್ತೈದು ದಾಟಿತ್ತು. ಆ ಕೊನೆಯ ವರ್ಷಗಳಲ್ಲೂ ಹಕ್ಕಿಗಳ ಬಗ್ಗೆ ಪುಸ್ತಕ ಬರೆಯುತ್ತಿದ್ದರು! ಮನಸ್ಸಿನ ಗಟ್ಟಿತನಕ್ಕೂ ಓದುವ ಹಸಿವಿಗೂ ಏನು ನಂಟು ಎಂದು ಯಾರಾದರೂ ಕೇಳಿದರೆ ನಾನು ಈ ಒಂದು ಬದುಕನ್ನು ತೋರಿಸಿ ಸುಮ್ಮನಾಗುತ್ತೇನೆ.

ಗೇಟಿನ ಬಳಿ ನಾನು ಹುಡುಗಿಗೆ ಏನನ್ನೂ ಓದು ಎಂದು ಹೇಳಲಿಲ್ಲ. ಅವಳೇ ಬೋರ್ಡು ನೋಡಿ ಬಾಯೊಳಗೆ "ಬಾ-ಲ-ವ-ನ" ಎಂದಳು. ಒಂದೂ ಒತ್ತಕ್ಷರವಿಲ್ಲದ ಹೆಸರು, ಮಕ್ಕಳಿಗೆಂದೇ ಇಟ್ಟ ಹಾಗಿದೆ. ಒಳಗೆ ಈಜುಕೊಳದಲ್ಲಿ ಊರಿನ ಮಕ್ಕಳು ಈಜು ಕಲಿಯುತ್ತಿದ್ದರು. ಒಬ್ಬ ಹುಡುಗ ಹಾರಿದ, ಮುಳುಗಿದ, ನೀರು ಕುಡಿದು ಕೆಮ್ಮುತ್ತ ಮೇಲೆ ಬಂದು ಗೋಡೆ ಹಿಡಿದುಕೊಂಡ. ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡು ಪುನಃ ಹೊರಟ. ಕಲಿಸುವವರು ಒಂದು ಮಾರು ದೂರದಲ್ಲೇ ನಿಂತಿದ್ದರು. ಕೈ ಹಿಡಿಯಲೂ ಇಲ್ಲ, ಬಿಟ್ಟು ಹೋಗಲೂ ಇಲ್ಲ.

"ಮಾಮ, ಅವನು ಮುಳುಗಿದಾಗ ಯಾರೂ ನಗ್ಲಿಲ್ಲ," ಎಂದಳು ಹುಡುಗಿ.

"ಎಂತಕ್ಕೆ ನಗುವುದು ಮಗಾ? ಎಲ್ಲರೂ ಹಾಗೆಯೇ ಕಲಿತದ್ದಲ್ಲವಾ," ಎಂದೆ.

ಅವಳು ಮತ್ತೆ ಮಾತಾಡಲಿಲ್ಲ. ಮಧ್ಯಾಹ್ನ ಪೇಟೆಯಲ್ಲಿ ಊಟ ಮುಗಿಸಿ ಪುಸ್ತಕದ ಅಂಗಡಿಗೆ ಹೋದಾಗ ಅವಳೇ ಆರಿಸಿದ್ದು ಪ್ರಾಣಿಗಳ ಚಿತ್ರವಿದ್ದ ಒಂದು ತೆಳ್ಳಗಿನ ಪುಸ್ತಕ. ಬಸ್ಸಿನಲ್ಲಿ ಎರಡು ಪುಟ ಓದಿದಳು. "ಪ್ರಾಣಿ" ಎಂಬ ಶಬ್ದಕ್ಕೆ ಬಂದಾಗ ನಿಂತಳು. ನಾನು ಕಿಟಕಿಯ ಹೊರಗೆ ನೋಡುತ್ತ ಕೂತೆ. ಮಾಣಿ ದಾಟುವುದರೊಳಗೆ ಆ ಶಬ್ದ ಅವಳ ವಶವಾಗಿತ್ತು. "ಗೃಹಪ್ರವೇಶ"ದಲ್ಲಿ ಇದ್ದದ್ದೂ ಇದೇ 'ಪ್ರ' ಎಂದು ಅವಳೇ ಕಂಡುಹಿಡಿದಳು.

ಈಜುಕೊಳದ ಆ ಒಂದು ಮಾರು ದೂರವೇ ದೊಡ್ಡ ಪಾಠವೆಂದು ನನಗೆ ಅನಿಸಿತು. ಹಾರ್ವರ್ಡ್ ವಿಶ್ವವಿದ್ಯಾನಿಲಯದ ಮಕ್ಕಳ ಬೆಳವಣಿಗೆಯ ಕೇಂದ್ರವು 2015ರಲ್ಲಿ ಪ್ರಕಟಿಸಿದ ವರದಿಯೂ ಇದನ್ನೇ ಹೇಳುತ್ತದೆ: ಕಷ್ಟ ಬಂದಾಗ ಕುಗ್ಗದೆ ಚೇತರಿಸಿಕೊಳ್ಳುವ ಮಕ್ಕಳಲ್ಲಿ ಹೆಚ್ಚಾಗಿ ಕಂಡುಬರುವ ಸಂಗತಿಯೆಂದರೆ ಅವರ ಬೆನ್ನಿಗೆ ಸದಾ ನಿಲ್ಲುವ ಹಿರಿಯರು ಒಬ್ಬರಾದರೂ ಇರುವುದು. ಅಪ್ಪನೋ ಅಮ್ಮನೋ ಆಗಬೇಕೆಂದಿಲ್ಲ. ಅಜ್ಜಿ, ಮಾವ, ಅಕ್ಕ, ಸಂಘದ ಅಣ್ಣ ಯಾರಾದರೂ ಸರಿ. ಗಟ್ಟಿತನವನ್ನು ಹುಟ್ಟುವಾಗಲೇ ಯಾರೂ ತರುವುದಿಲ್ಲ. ಸಣ್ಣ ಸಣ್ಣ ಕಷ್ಟಗಳನ್ನು, ನಂಬಿಕೆಯವರ ಕಣ್ಣೆದುರಿನಲ್ಲಿ, ತಾನೇ ದಾಟುತ್ತ ಮಗು ಅದನ್ನು ಗಳಿಸಿಕೊಳ್ಳುತ್ತದೆ. ಗೊತ್ತಿಲ್ಲದ ಒಂದು ಒತ್ತಕ್ಷರವೂ ಅಂಥ ಸಣ್ಣ ಕಷ್ಟವೇ. ಕತೆಯೊಳಗೆ ಕಾಡಿನಲ್ಲಿ ದಾರಿ ತಪ್ಪಿದ ಹುಡುಗನೊಡನೆ ನಡೆದು ಮನೆ ಸೇರುವುದೂ ಅಂಥದ್ದೇ ಅಭ್ಯಾಸ.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ಕನ್ನಡ ಲಿಪಿ ಬೆಟ್ಟದಷ್ಟು ಕಷ್ಟವೆಂದು ನೀವು ತಿಳಿದಿದ್ದರೆ ಒಂದು ಸಂಗತಿ ಗಮನಿಸಿ. ಮರಾಠಿ, ಹಿಂದಿ ಕಲಿತ ನಿಮಗೆ ಕ ಖ ಗ ಘ ಙ ಎಂಬ ಸಾಲು ಆಗಲೇ ಗೊತ್ತಿದೆ. ಕನ್ನಡದಲ್ಲೂ ಅದೇ ಸಾಲು, ಅಕ್ಷರದ ಆಕಾರ ಮಾತ್ರ ಬೇರೆ. ಹೊಸದಾಗಿ ಕಲಿಯಬೇಕಾದದ್ದು ಹ್ರಸ್ವ ಎ ಮತ್ತು ಒ. ಮರಾಠಿಯವರಿಗೆ ಳಕಾರವೂ ಪರಿಚಿತ. ಇನ್ನು ಒತ್ತಕ್ಷರ: ದೇವನಾಗರಿಯಲ್ಲಿ ಸಾಮಾನ್ಯವಾಗಿ ಮೊದಲಿನ ವ್ಯಂಜನ ಅರ್ಧವಾಗುತ್ತದೆ, ಕನ್ನಡದಲ್ಲಿ ಎರಡನೆಯದು ಕೆಳಗಿಳಿಯುತ್ತದೆ. ಇಷ್ಟು ತಿಳಿದು ದಿನಕ್ಕೆ ಹದಿನೈದು ನಿಮಿಷ ಕೂತರೆ ಗಣೇಶ ಚೌತಿಯಿಂದ ದೀಪಾವಳಿಯೊಳಗೆ ಮಕ್ಕಳ ಪುಸ್ತಕವೊಂದನ್ನು ಓದಬಹುದು.

ಚಿಕ್ಕವರಿಗೆ ಓದಿಸುವಾಗ ಕೆಲವು ಮಾತು ನೆನಪಿರಲಿ. ಪುಸ್ತಕವನ್ನು ಮಗುವೇ ಆರಿಸಲಿ. ನೀವು ಒಂದು ಪುಟ ಓದಿ, ಮಗು ಒಂದು ಪುಟ ಓದಲಿ. ತಡವರಿಸಿದರೆ ತಕ್ಷಣ ಬಾಯಿ ಹಾಕಬೇಡಿ, ಹತ್ತು ಎಣಿಸುವಷ್ಟು ಕಾಯಿರಿ. ಪ್ರತಿ ತಪ್ಪನ್ನೂ ತಿದ್ದಬೇಡಿ. ಟಿ.ವಿ. ನೋಡಿದ್ದಕ್ಕೆ ಶಿಕ್ಷೆಯಾಗಿ ಪುಸ್ತಕ ಕೊಡಲೇಬೇಡಿ. ನೆಂಟರೆದುರಿಗೆ ಓದಿಸಿ ಪರೀಕ್ಷೆ ಮಾಡುವುದಂತೂ ಬೇಡವೇ ಬೇಡ. ಪುಸ್ತಕ ಸಿಗುವುದಿಲ್ಲವೆಂಬ ಮಾತಿಗೆ ಈಗ ಅರ್ಥವಿಲ್ಲ. ನವಕರ್ನಾಟಕ, ನ್ಯಾಷನಲ್ ಬುಕ್ ಟ್ರಸ್ಟ್‌ಗಳ ಮಕ್ಕಳ ಪುಸ್ತಕಗಳು ಅಗ್ಗಕ್ಕೆ ಸಿಗುತ್ತವೆ. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಆರಂಭಿಸಿದ ಸ್ಟೋರಿವೀವರ್‌ನಲ್ಲಿ ಕನ್ನಡದ ಚಿತ್ರಕತೆಗಳು ಪುಕ್ಕಟೆಯಾಗಿವೆ, ಕಲಿಯುವವರ ಮಟ್ಟಕ್ಕೆ ತಕ್ಕಂತೆ ವಿಂಗಡಿಸಿಯೂ ಇಟ್ಟಿದ್ದಾರೆ.

ಪುತ್ತೂರು ದೂರವಾಗುವವರು ಬೇರೆ ದಾರಿ ಹಿಡಿಯಲಿ. ಪುಣೆಯವರಿಗೆ ಧಾರವಾಡದ ಸಾಧನಕೇರಿಯಲ್ಲಿ ಬೇಂದ್ರೆಯವರ ಮನೆ ಇದೆ. ಶಿವಮೊಗ್ಗದ ಕಡೆಯವರಿಗೆ ತೀರ್ಥಹಳ್ಳಿ ತಾಲೂಕಿನ ಕುಪ್ಪಳಿಯಲ್ಲಿ ಕುವೆಂಪು ಅವರ ಕವಿಮನೆ, ಅದರ ಮೇಲಿನ ಕವಿಶೈಲ. ಹೋಗುವ ಮೊದಲು ಆ ಊರಿನ ಲೇಖಕರ ಒಂದಾದರೂ ಪುಸ್ತಕ ಮನೆಯಲ್ಲಿರಲಿ. ಪುತ್ತೂರಿಗೆ ಹೋಗುವವರು 'ಮರಳಿ ಮಣ್ಣಿಗೆ'ಯನ್ನು ಹಿಡಿಯಿರಿ. ಕೋಡಿಯೆಂಬ ಕಡಲ ತಡಿಯ ಹಳ್ಳಿಯಲ್ಲಿ ಮೂರು ತಲೆಮಾರಿನ ಬಾಳು ಅದರಲ್ಲಿದೆ. ಪಾರೋತಿ, ಸರಸೋತಿ, ನಾಗವೇಣಿಯರು ಬಡತನ, ಅವಮಾನ, ಕಾಯಿಲೆಗಳನ್ನು ಹೇಗೆ ನುಂಗಿ ನಿಂತರೆಂದು ಓದುವಾಗ ನಿಮ್ಮ ಸ್ವಂತ ಅಜ್ಜಿಯಂದಿರು ಕಣ್ಣಮುಂದೆ ಬರುತ್ತಾರೆ.

ನಮ್ಮ ಸಂಘದ ಕಪಾಟುಗಳಲ್ಲಿ ಕನ್ನಡ ಪುಸ್ತಕಗಳಿಗೆ ಕೊರತೆಯಿಲ್ಲ. ಕೊರತೆಯಿರುವುದು ಭಾನುವಾರ ಬೆಳಿಗ್ಗೆ ಒಂದು ಗಂಟೆ ಮಕ್ಕಳ ಪಕ್ಕದಲ್ಲಿ ಕೂರುವ ಅಣ್ಣ ಅಕ್ಕಂದಿರಿಗೆ. ಚೆನ್ನಾಗಿ ಓದಬಲ್ಲವರೇ ಬರಬೇಕೆಂದಿಲ್ಲ. ತಡವರಿಸಿ ಓದುವ ಅಣ್ಣನೊಬ್ಬ ಪಕ್ಕದಲ್ಲಿದ್ದರೆ ಚಿಕ್ಕವರಿಗೆ ಇನ್ನಷ್ಟು ಧೈರ್ಯ. ಐದು ಮಂದಿ ಹೆಸರು ಕೊಟ್ಟರೆ ಸಾಕು, ಬರುವ ತಿಂಗಳಿನಿಂದಲೇ ಆರಂಭಿಸಬಹುದು. ಕಪಾಟಿನ ಕೀಲಿಕೈ ಸಂಘದ ಕಚೇರಿಯಲ್ಲಿದೆ, ಕೇಳಿದವರಿಗೆ ಕೊಡುತ್ತಾರೆ.