ಗಾಡಿ ಹೋಗಬಾರದ ಹಳಿ

ಆ ಕಾಗದ ಸಿಕ್ಕಿದ್ದು ಪುಣೆಯ ಹಡಪಸರದಲ್ಲಿ ಮನೆ ಬದಲಾಯಿಸುವಾಗ. ಹಾಸನದಿಂದ ಬಂದ ಟ್ರಂಕಿನ ತಳದಲ್ಲಿ, ಹಳೆಯ ವಿಮೆ ರಸೀದಿಗಳ ಕೆಳಗೆ, ನಾಲ್ಕು ಮಡಿಕೆಯಾಗಿ ಕೂತಿತ್ತು. ಲೆಡ್ಜರಿನ ಜೋಡಿ ಹಾಳೆ. ಪೆನ್ಸಿಲಿನಲ್ಲಿ ಎಳೆದ ಮೂರು ಉದ್ದ ಗೆರೆ, ಅವನ್ನು ಕೂಡಿಸುವ ಓರೆ ಗೆರೆಗಳು, ಸಿಗ್ನಲ್ ಕಂಬಗಳ ಗುರುತು, ಅಂಚಿನುದ್ದಕ್ಕೂ ಸಣ್ಣ ಅಂಕಿಗಳು. ಮೂಲೆಯಲ್ಲಿ ಅಪ್ಪನ ಸಹಿ, ಅದರ ಕೆಳಗೆ 1986.

ಅಪ್ಪ ಆಗ ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ನಡುವಿನ ಘಟ್ಟದಲ್ಲಿ ಒಂದು ಪುಟ್ಟ ಸ್ಟೇಷನ್ನಿನ ಸಹಾಯಕ ಸ್ಟೇಷನ್ ಮಾಸ್ಟರ್. ಹೊಸ ಸ್ಟೇಷನ್ನಿಗೆ ಹೋದವರು ಅಲ್ಲಿನ ವರ್ಕಿಂಗ್ ರೂಲ್ಸ್ ಓದಿ, ಅರ್ಥವಾಗಿದೆ ಎಂದು ಸಹಿ ಹಾಕಿದ ಮೇಲೆಯೇ ಕೆಲಸಕ್ಕೆ ಕೂರಬೇಕು. ಹಾಗೆ ಓದುವಾಗ ಮನಸ್ಸಿನಲ್ಲಿ ಕೂರಲಿ ಎಂದು ಅವರು ಯಾರ್ಡಿನ ನಕ್ಷೆಯನ್ನು ಕೈಯಲ್ಲೇ ನಕಲು ಮಾಡಿಕೊಂಡಿದ್ದರು. ಹೆಂಡತಿ, ಮಕ್ಕಳು ಶಾಲೆಯ ಸಲುವಾಗಿ ಹಾಸನದಲ್ಲೇ ಉಳಿದರು. ಅಪ್ಪ ಎಲ್ಲಿದ್ದಾರೆ ಎಂದು ಯಾರಾದರೂ ಕೇಳಿದರೆ ಮಗ "ಕಾಡಲ್ಲಿ" ಎನ್ನುತ್ತಿದ್ದ. ಆರು ವರ್ಷ ಅದೇ ಉತ್ತರ.

ಆ ಮಗನಿಗೆ ಈಗ ನಲವತ್ತಾರು. ವಾಹನಗಳ ಬಿಡಿಭಾಗದ ಕಂಪನಿಯಲ್ಲಿ ಲೆಕ್ಕಪತ್ರದ ಕೆಲಸ. ರಾತ್ರಿ ಊಟವಾದ ಮೇಲೆ ಟ್ರೇನ್ಜ್ ಎಂಬ ರೈಲು ಸಿಮ್ಯುಲೇಟರ್ ಅವನ ಹವ್ಯಾಸ. ಅದರಲ್ಲಿ ಗಾಡಿ ಓಡಿಸುವುದಕ್ಕಿಂತ ಮಾರ್ಗ ಕಟ್ಟುವುದು ಅವನಿಗೆ ಹೆಚ್ಚು ಇಷ್ಟ. ಮಾರ್ಗ ಕಟ್ಟುವ ಎಡಿಟರಿನ ಹೆಸರು ಸರ್ವೇಯರ್. 720 ಮೀಟರ್ ಚೌಕದ ನೆಲದ ತುಂಡುಗಳನ್ನು ಒಂದಕ್ಕೊಂದು ಜೋಡಿಸಿ, ಗುಡ್ಡ ಎಬ್ಬಿಸಿ, ಹಳಿ ಹಾಸಬೇಕು. ಕಾಗದ ಸಿಕ್ಕ ರಾತ್ರಿಯೇ ಅವನು ತೀರ್ಮಾನ ಮಾಡಿದ್ದ: ಅಪ್ಪನ ಸ್ಟೇಷನ್ ಕಟ್ಟಬೇಕು. ಈಗಿನದಲ್ಲ, ಆಗಿನದು.

ಆಗಿನದು ಈಗ ಎಲ್ಲೂ ಇಲ್ಲ. ಘಟ್ಟದ ಈ ಮಾರ್ಗ 1979ರಲ್ಲಿ ಮೀಟರ್ ಗೇಜಾಗಿ ತೆರೆಯಿತು. 1996ರಲ್ಲಿ ಅಗಲ ಹಳಿಗಾಗಿ ಮುಚ್ಚಿತು. 2006ರಲ್ಲಿ ಗೂಡ್ಸ್ ಗಾಡಿ, 2007ರ ಕೊನೆಗೆ ಪ್ರಯಾಣಿಕರ ಗಾಡಿ ಮತ್ತೆ ಓಡಿದವು. ಐವತ್ತೇಳು ಸುರಂಗ, 50 ಮೀಟರಿಗೆ ಒಂದು ಮೀಟರ್ ಏರುವ ದಾರಿ ಹಾಗೇ ಇವೆ. ಹಳಿ ಮಾತ್ರ ಬೇರೆ, ಯಾರ್ಡೂ ಬೇರೆ. ಉಪಗ್ರಹದ ಚಿತ್ರದಲ್ಲಿ ಕಾಣುವುದು ಇಂದಿನ ಸ್ಟೇಷನ್. 1986ರದ್ದು ಇದ್ದದ್ದು ಆ ಹಾಳೆಯಲ್ಲಿ ಮಾತ್ರ.

ಕೆಲಸ ಸುಲಭವೆಂದೇ ತೋರಿತು. ಮೊಬೈಲಿನಲ್ಲಿ ಫೋಟೋ ತೆಗೆದರೆ ಅಂಚುಗಳು ಸೊಟ್ಟಗಾಗುತ್ತವೆಂದು ಹಾಳೆಯನ್ನು ಸ್ಕ್ಯಾನರಿಗೆ ಕೊಟ್ಟ. ಎ3 ಅಳತೆ, ಇಂಚಿಗೆ 300 ಚುಕ್ಕಿ; ಅಡ್ಡಗಲ ಸುಮಾರು 5000 ಪಿಕ್ಸೆಲ್ ಬಂತು. ಯಾರ್ಡು ಆಚೀಚೆ ಸೇರಿ ಒಂದು ಕಿಲೋಮೀಟರ್ ಎಂದಿಟ್ಟುಕೊಂಡರೆ ಮೀಟರಿಗೆ ಐದು ಪಿಕ್ಸೆಲ್. ಒಂದು ಮೀಟರ್ ಅಂತರದ ಎರಡು ಹಳಿಗೆ ಅಷ್ಟು ಸಾಕು. ಚಿತ್ರವನ್ನು ಚಪ್ಪಟೆ ವಸ್ತುವೊಂದರ ಮೈಗೆ ಅಂಟಿಸಿ, ಎಡಿಟರಿನ ನೆಲದ ಮೇಲೆ ಚಾಪೆಯ ಹಾಗೆ ಹಾಸಿದ. ಸಕಲೇಶಪುರದ ಕಡೆಯ ಸುರಂಗದ ಬಾಯಿ ಒಂದು ಗುರುತು, ಸುಬ್ರಹ್ಮಣ್ಯದ ಕಡೆಯ ಸೇತುವೆ ಇನ್ನೊಂದು. ಎರಡೂ ನಕ್ಷೆಯಲ್ಲಿವೆ, ಉಪಗ್ರಹದ ಚಿತ್ರದಲ್ಲೂ ಇವೆ. ಚಾಪೆಯನ್ನು ಎಳೆದು, ತಿರುಗಿಸಿ, ಎರಡನ್ನೂ ಹೊಂದಿಸಿದ. ಸರಿಯಾಗಿ ಕೂತಿತು.

ಎರಡು ಗುರುತಿಗೆ ಯಾವ ನಕ್ಷೆಯಾದರೂ ಹೊಂದುತ್ತದೆ. ಅದರ ನಿಜ ತಿಳಿಯುವುದು ಮೂರನೆಯದರಲ್ಲಿ. ಸ್ಟೇಷನ್ ಕಟ್ಟಡ ಇರಬೇಕಾದ ಜಾಗದಿಂದ 140 ಮೀಟರ್ ಸರಿದು ಕಣಿವೆಯ ಅಂಚಿಗೆ ಹೋಗಿ ನಿಂತಿತ್ತು. ಹಾಳೆಯಲ್ಲಿ ನೆಟ್ಟಗಿದ್ದ ಯಾರ್ಡು ನೆಲದ ಮೇಲೆ ಕುಡುಗೋಲಿನ ಹಾಗೆ ಬಾಗಿತ್ತು. ಒಂದು ಹಳಿಯಿಂದ ಇನ್ನೊಂದಕ್ಕೆ ಹೋಗುವ ಓರೆ ಗೆರೆಗಳು ನಕ್ಷೆಯಲ್ಲಿ 45 ಡಿಗ್ರಿಗೆ ಕವಲೊಡೆದಿದ್ದವು. ಅಂಥ ತಿರುವಿನಲ್ಲಿ ಯಾವ ಗಾಡಿಯೂ ಹಳಿಯ ಮೇಲೆ ನಿಲ್ಲುವುದಿಲ್ಲ. ಎಂಟೂವರೆ ಮೀಟರಿಗೆ ಒಂದು ಮೀಟರ್ ಅಗಲುವ ಸಾಮಾನ್ಯ ಕವಲಿನ ಕೋನ ಏಳು ಡಿಗ್ರಿಗೂ ಕಡಿಮೆ.

ಅವನು ಹಾಸನಕ್ಕೆ ಫೋನ್ ಮಾಡಿದ.

"ಅಪ್ಪ, ನೀವು ಬರೆದ ನಕ್ಷೆ ತಪ್ಪಿದೆ."

"ಯಾಕೆ ತಪ್ಪಿರುತ್ತೆ? ಅದು ಸಿಗ್ನಲ್ ನಕ್ಷೆ ಕಣೋ. ಅಳತೆಗೆ ಬರೆಯೋದಲ್ಲ. ಯಾವ ಸಿಗ್ನಲ್ ಆದ ಮೇಲೆ ಯಾವ ಪಾಯಿಂಟು ಅಂತ ಗೊತ್ತಾದ್ರೆ ಸಾಕು ನಂಗೆ. ದೂರ ಬೇಕಿದ್ರೆ ಪಕ್ಕದಲ್ಲಿ ಅಂಕಿ ಬರೆದಿದೀನಲ್ಲ, ಅದನ್ನ ನೋಡು. ಗೆರೆ ನೋಡ್ಬೇಡ."

ರೈಲ್ವೆಯಲ್ಲಿ ಒಂದೇ ಯಾರ್ಡಿಗೆ ಒಂದಕ್ಕಿಂತ ಹೆಚ್ಚು ನಕ್ಷೆ. ಎಂಜಿನಿಯರಿಂಗ್ ಸ್ಕೇಲ್ ಪ್ಲಾನ್ ಎಂಬುದು ಹಳಿ ಹಾಸುವವರದು; ಅದು ಅಳತೆಗೆ ಸರಿಯಾಗಿರುತ್ತದೆ. ಸಿಗ್ನಲ್ ಇಂಟರ್‌ಲಾಕಿಂಗ್ ಪ್ಲಾನ್ ಗಾಡಿ ನಡೆಸುವವರದು. ಅದರಲ್ಲಿ ತಿರುವು ನೆಟ್ಟಗಾಗುತ್ತದೆ, ಉದ್ದ ಕುಗ್ಗುತ್ತದೆ, ಓದುವ ಅನುಕೂಲಕ್ಕೆ ಕೋನ ಹಿಗ್ಗುತ್ತದೆ. ಸುಳ್ಳು ಹೇಳಬೇಕೆಂದಲ್ಲ. ರಾತ್ರಿ ಎರಡು ಗಂಟೆಗೆ ಲ್ಯಾಂಪಿನ ಬೆಳಕಿನಲ್ಲಿ ನೋಡುವವನಿಗೆ ಬೇಕಾದ್ದು ಕ್ರಮ, ದೂರವಲ್ಲ. ಬೇರೆಯವರ ಕೆಲಸಕ್ಕೆಂದು ಬರೆದ ಕಾಗದವನ್ನು ತನ್ನ ಕೆಲಸಕ್ಕೆ ಎಳೆದು ಹಾಸಿ, ಆಮೇಲೆ ತಪ್ಪಿದೆ ಎಂದವನು ಮಗ.

ಚಾಪೆಯನ್ನು ಸುತ್ತಿಟ್ಟ. ಅಂಕಿಗಳಿಂದ ಮತ್ತೆ ಶುರು ಮಾಡಿದ. ಅಂಕಿಗಳೆಲ್ಲ ಸ್ಟೇಷನ್ ಕಟ್ಟಡದ ನಡುಗೆರೆಯಿಂದ ಅಳೆದ ಮೀಟರುಗಳು. ಎಡಿಟರಿನ ಅಳತೆಪಟ್ಟಿಯನ್ನು ಕಟ್ಟಡದಿಂದ ಎರಡೂ ದಿಕ್ಕಿಗೆ ಎಳೆದು ಪ್ರತಿ ಪಾಯಿಂಟಿಗೂ ಗೂಟ ನೆಟ್ಟ. ತಿರುವಿನ ಪಕ್ಕದಲ್ಲಿ 6° ಎಂದಿತ್ತು. ಅದನ್ನು ಓದುವುದನ್ನೂ ಅಪ್ಪನೇ ಹೇಳಿಕೊಟ್ಟರು: 1750ನ್ನು ಡಿಗ್ರಿಯಿಂದ ಭಾಗಿಸಿದರೆ ಮೀಟರಿನಲ್ಲಿ ತ್ರಿಜ್ಯ. 292 ಮೀಟರ್ ತ್ರಿಜ್ಯದ ತಿರುವು ಹಾಕಿದ. ಹಳಿ ಸೇತುವೆಯ ಮೇಲೆ ತಾನಾಗಿ ಬಂದು ಕೂತಿತು.

ನೆಲದ್ದು ಬೇರೆ ರಗಳೆ. 2000ದ ಫೆಬ್ರವರಿಯಲ್ಲಿ ಬಾಹ್ಯಾಕಾಶ ನೌಕೆಯೊಂದು ರೇಡಾರಿನಿಂದ ಅಳೆದ ಎತ್ತರಗಳು ಉಚಿತವಾಗಿ ಸಿಗುತ್ತವೆ. 30 ಮೀಟರಿಗೊಂದು ಅಂಕಿ. ಬಯಲುಸೀಮೆಯಲ್ಲಿ ಅದು ಸಾಕು. ಘಟ್ಟದ ದಟ್ಟ ಕಾಡಿನಲ್ಲಿ ರೇಡಾರ್ ಮರಗಳ ನಡುವಿನಿಂದಲೇ ಮರಳಿಬಿಡುತ್ತದೆ. ಹಾಗಾಗಿ ಮರದ ಎತ್ತರದ ಒಂದು ಪಾಲು ನೆಲದ ಲೆಕ್ಕಕ್ಕೆ ಸೇರುತ್ತದೆ. ಬೆಟ್ಟ ಕಡಿದು ಮಾಡಿದ ಕಿರಿದಾದ ದಾರಿ 30 ಮೀಟರಿನ ಬಲೆಗೆ ಸಿಗುವುದೇ ಇಲ್ಲ. ಆ ನೆಲವನ್ನು ನಂಬಿ ಹಾಸಿದ ಹಳಿ ತೊಟ್ಟಿಲಿನ ಹಾಗೆ ತೂಗಾಡಿತು. ಇಲ್ಲಿಯೂ ಅಂಕಿಗಳೇ ಕಾಪಾಡಿದವು: ದಾರಿಯಲ್ಲಿ ಶೇಕಡಾ 2ರ ಇಳಿಜಾರು, ಯಾರ್ಡಿನೊಳಗೆ 400ಕ್ಕೆ ಒಂದು. ಹಳಿಯನ್ನು ಮೊದಲು ಕೂರಿಸಿ, ನೆಲವನ್ನು ಹಳಿಗೆ ತಕ್ಕಂತೆ ತಗ್ಗಿಸಿದ.

ಉಳಿದದ್ದು ಒಂದು ಗೆರೆ. ಮೇಲಿನ ಕಡೆಯಿಂದ ಇಳಿದುಬರುವ ದಾರಿಯಲ್ಲಿ, ಸ್ಟೇಷನ್ನಿಗೆ ಮುಂಚೆಯೇ, ಒಂದು ಹಳಿ ಪಕ್ಕಕ್ಕೆ ಒಡೆದು ಎಲ್ಲಿಗೂ ಸೇರದೆ ನಿಂತಿತ್ತು. ಕ್ಯಾಚ್ ಸೈಡಿಂಗ್. ಬ್ರೇಕ್ ತಪ್ಪಿದ ಗಾಡಿ ಸ್ಟೇಷನ್ನಿಗೆ ನುಗ್ಗದಂತೆ ಅದನ್ನು ಗುಡ್ಡದ ಕಡೆಗೆ ಏರಿಸಿ ನಿಲ್ಲಿಸುವ ಹಳಿ. ಜಾಗ ಇಕ್ಕಟ್ಟು, ಕಟ್ಟುವುದು ಕಷ್ಟ. ಯಾವ ಗಾಡಿಯೂ ಹೋಗದ ಹಳಿ, ಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ ಎಂದು ಅದನ್ನು ಬಿಟ್ಟ.

ದೀಪಾವಳಿಗೆ ಅಪ್ಪ ಪುಣೆಗೆ ಬಂದರು. ಲ್ಯಾಪ್‌ಟಾಪಿನ ಮುಂದೆ ಕೂರಿಸಿ, ವೈಡಿಎಂ-4 ಎಂಜಿನ್ನಿನ ಗೂಡ್ಸ್ ಗಾಡಿಯನ್ನು ಸುರಂಗದಿಂದ ಹೊರಗೆ ತಂದು ತೋರಿಸಿದ. ಅಪ್ಪ ಎಂಜಿನ್ ನೋಡಲಿಲ್ಲ, ಕಾಡು ನೋಡಲಿಲ್ಲ.

"ಕ್ಯಾಚ್ ಸೈಡಿಂಗ್ ಎಲ್ಲೋ?"

"ಹಾಕಿಲ್ಲ ಅಪ್ಪ. ಅಲ್ಲಿಗೆ ಗಾಡಿ ಹೋಗಲ್ವಲ್ಲ."

"ನಾನಿದ್ದ ಆರು ವರ್ಷದಲ್ಲಿ ಒಂದೂ ಹೋಗಲಿಲ್ಲ. ಆದ್ರೆ ಪಾಯಿಂಟ್ ಯಾವಾಗ್ಲೂ ಆ ಕಡೆಗೇ ಇರ್ತಿತ್ತು. ಇಳಿದು ಬರೋ ಗಾಡಿ ಮೊದಲು ನಿಲ್ಲಬೇಕು. ನಿಂತಿದ್ದು ಖಾತ್ರಿಯಾದ್ಮೇಲೆ ಸ್ಟೇಷನ್ ಕಡೆಗೆ ತಿರುಗಿಸೋದು."

ಮಗ ಸುಮ್ಮನಾದ. ಅಷ್ಟು ದಿನ ಅವನು ಅಂದುಕೊಂಡದ್ದು ತದ್ವಿರುದ್ಧ: ದಾರಿ ಸದಾ ತೆರೆದಿರುತ್ತದೆ, ಅಪಾಯ ಬಂದಾಗ ಮಾತ್ರ ತಿರುಗಿಸುತ್ತಾರೆ ಎಂದು.

ಮರುದಿನ ಇಬ್ಬರೂ ಕೂತು ಕಟ್ಟಿದರು. ಗಂಟೆಗೆ 60 ಕಿಲೋಮೀಟರ್ ವೇಗದ ಗಾಡಿ ಬರೀ ಏರಿನಿಂದಲೇ ನಿಲ್ಲಬೇಕಾದರೆ ಸುಮಾರು 14 ಮೀಟರ್ ಮೇಲೇರಬೇಕು. 20ಕ್ಕೆ ಒಂದರ ಏರಾದರೆ 280 ಮೀಟರ್ ಉದ್ದ. ಗಾಡಿ ಎಷ್ಟು ಭಾರವಿದ್ದರೂ ಲೆಕ್ಕ ಒಂದೇ. ಸಂಜೆ ಹೊತ್ತಿಗೆ ಹಳಿ ಗುಡ್ಡ ಹತ್ತಿತ್ತು. ಬ್ರೇಕ್ ಬಿಟ್ಟು ಗಾಡಿಯನ್ನು ಇಳಿಜಾರಿಗೆ ಬಿಟ್ಟರು. ಅದು ಸೈಡಿಂಗಿಗೆ ತಿರುಗಿತು, ಏರಿತು, ನಿಧಾನವಾಯಿತು, ನಿಂತಿತು. ಆಮೇಲೆ ಹಿಂದಕ್ಕೆ ಉರುಳತೊಡಗಿತು.

"ಅದಕ್ಕೇ ಮರಳು," ಅಂದರು ಅಪ್ಪ. "ಏರಿದ್ದು ಹಿಂದಕ್ಕೆ ಬರದ ಹಾಗೆ ಹಳಿ ಮೇಲೆ ಮರಳು ಹಾಕಿರ್ತಾರೆ. ನಿನ್ನ ಇದರಲ್ಲಿ ಮರಳಿಲ್ವಾ?"

ಮರಳಿನ ಬಣ್ಣವಿತ್ತು. ಗಾಡಿಯನ್ನು ಹಿಡಿಯುವ ಮರಳು ಇರಲಿಲ್ಲ.

"ಮಳೆಗಾಲದಲ್ಲಿ ಅದು ಗಟ್ಟಿಯಾಗಿ ಕೂತುಬಿಡೋದು. ಗ್ಯಾಂಗ್‌ನವರು ಕೆದಕಬೇಕು. ಅದು ನನ್ನ ಕೆಲಸ ಅಲ್ಲ. ಆದ್ರೂ ನೋಡಿ ಬರ್ತಿದ್ದೆ. ಗುಡ್ಡ ಕುಸಿಯೋ ದಿನಗಳು, ಬಿಟ್ಟು ಬರೋಕಾಗ್ತಿರಲಿಲ್ಲ."

ಜುಲೈ, ಆಗಸ್ಟ್‌ಗಳಲ್ಲಿ ಅಪ್ಪ ಹಾಸನಕ್ಕೆ ಬರುತ್ತಿರಲಿಲ್ಲ ಎಂಬುದು ಮಗನಿಗೆ ನೆನಪಿತ್ತು. ಗಣೇಶನ ಹಬ್ಬಕ್ಕೂ ಎರಡು ಸಲ ಬಂದಿರಲಿಲ್ಲ. ರಜೆ ಸಿಗಲಿಲ್ಲ ಎಂದು ಅಮ್ಮ ಹೇಳುತ್ತಿದ್ದಳು. ಅದನ್ನು ಅವನು ಅಷ್ಟಾಗಿ ನಂಬಿರಲಿಲ್ಲ.

ಅಪ್ಪ ಮಲಗಲು ಹೋದರು. ಅವನು ಪಾಯಿಂಟನ್ನು ಸೈಡಿಂಗಿನ ಕಡೆಗೆ ತಿರುಗಿಸಿ, ಹಾಗೇ ಫೈಲ್ ಉಳಿಸಿ, ಲ್ಯಾಪ್‌ಟಾಪ್ ಮುಚ್ಚಿದ.